ದೋಸೆ ಹುಯ್ಯುವಾಗಲೂ ಸೊಂಟಕ್ಕೆ ಪಾಠ: ಬೆಲ್ಲಿ ಡ್ಯಾನ್ಸ್ ಪ್ರಶ್ನೋತ್ತರ

ಬೆಲ್ಲಿ ಡ್ಯಾನ್ಸ್ ಬಗ್ಗೆ ಬಂದ ಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಮೈಸೂರಿನಿಂದ ಬಂದಿದೆ, ಹುಬ್ಬಳ್ಳಿಯಿಂದ ಬಂದಿದೆ, ದುಬೈನಲ್ಲಿರುವ ಕನ್ನಡತಿಯೊಬ್ಬರೂ ಬರೆದಿದ್ದಾರೆ. ಬರೆದ ರೀತಿ ಬೇರೆ ಬೇರೆ, ಕೇಳಿರುವುದು ಹೆಚ್ಚುಕಮ್ಮಿ ಒಂದೇ: ಕ್ಲಾಸಿನಲ್ಲಿ ಬರುತ್ತೆ, ಮನೆಗೆ ಬಂದರೆ ಹೋಗುತ್ತೆ, ಏನು ಮಾಡಲಿ? ಏಳು ಪತ್ರಗಳನ್ನು ಆರಿಸಿ ಉತ್ತರ ಬರೆದಿದ್ದೇನೆ. ಹೆಸರು ಹಾಕಬೇಡಿ ಅಂತ ತುಂಬ ಜನ ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಭಾನುವಾರ ಮಾತ್ರ ಕ್ಲಾಸು. ಬೆಳಿಗ್ಗೆ ಐದೂವರೆಗೆ ಎದ್ದು, ಇಬ್ಬರು ಮಕ್ಕಳಿಗೆ ಡಬ್ಬಿ ಕಟ್ಟಿ, ಬ್ಯಾಂಕಿಗೆ ಓಡಿ, ಮನೆ ಸೇರುವಾಗ ಸಂಜೆ ಏಳು. ದಿನಾ ಅರ್ಧ ಗಂಟೆ ಪ್ರಾಕ್ಟೀಸಿಗೆ ತೆಗೆದಿಡಿ ಅಂತಾರೆ ಟೀಚರ್. ಎಲ್ಲಿಂದ ತೆಗೆಯಲಿ ಮೇಡಂ? ಮುಂದಿನ ಭಾನುವಾರ ಹೋದರೆ ಹಿಂದಿನ ವಾರದ್ದು ಒಂದೂ ನೆನಪಿರುವುದಿಲ್ಲ.
(ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಉತ್ತರ: ಅರ್ಧ ಗಂಟೆ ತೆಗೆದಿಡಲೇಬೇಡಿ. ನಿಮ್ಮ ದಿನದಲ್ಲಿ ಆ ಅರ್ಧ ಗಂಟೆ ಇಲ್ಲ, ಇಲ್ಲದ್ದನ್ನು ಹುಡುಕುತ್ತಾ ಕೂತರೆ ಬೇಜಾರು ಮಾತ್ರ ಉಳಿಯುತ್ತೆ. ಆದರೆ ನೀವು ದಿನಕ್ಕೆ ಎಷ್ಟು ಹೊತ್ತು ನಿಂತಿರುತ್ತೀರಿ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಹಲ್ಲುಜ್ಜುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ದೋಸೆ ಹುಯ್ಯುವಾಗ, ಲಿಫ್ಟಿಗೆ ಕಾಯುವಾಗ, ಪಾತ್ರೆ ತೊಳೆಯುವಾಗ. ಅಷ್ಟು ಹೊತ್ತೂ ಕೈಗೆ ಕೆಲಸ ಇದೆ, ಸೊಂಟ ಸುಮ್ನೆ ನಿಂತಿದೆ ಅಲ್ವಾ?

ಮೊದಲು ನಿಲ್ಲುವುದನ್ನು ಸರಿಮಾಡಿಕೊಳ್ಳಿ, ಏಕೆಂದರೆ ಇದೊಂದು ಸರಿಯಾದರೆ ಅರ್ಧ ಬೆಲ್ಲಿ ಡ್ಯಾನ್ಸ್ ಬಂದ ಹಾಗೆ. ಪಾದಗಳ ನಡುವೆ ಸೊಂಟದ ಅಗಲದಷ್ಟು ಜಾಗ ಇರಲಿ. ಬೆರಳುಗಳು ನೇರ ಮುಂದಕ್ಕೆ. ಮಂಡಿಯನ್ನು ಹಿಂದಕ್ಕೆ ದೂಡಿ ಬಿಗಿಯಬೇಡಿ, ಸ್ವಲ್ಪವೇ ಸ್ವಲ್ಪ ಸಡಿಲ ಬಿಡಿ, ಹೊರಗಿನಿಂದ ನೋಡುವವರಿಗೆ ಗೊತ್ತಾಗದಷ್ಟು. ಬೆನ್ನಿನ ಕೊನೆಯ ಮೂಳೆ ನೆಲದ ಕಡೆ ತೂಗುತ್ತಿದೆ ಅಂದುಕೊಳ್ಳಿ. ಎದೆಗೂಡು ಒಂದಿಷ್ಟು ಮೇಲೆ, ಭುಜ ಕೆಳಗೆ. ಇಷ್ಟೇ. ಬ್ಯಾಂಕಿನಲ್ಲಿ ಪ್ರಿಂಟರ್ ಮುಂದೆ ನಿಂತಾಗಲೂ ಹೀಗೇ ನಿಲ್ಲಿ, ಯಾರೂ ಏನೂ ಕೇಳುವುದಿಲ್ಲ, ನೋಡುವವರಿಗೆ ನೀವು ಸ್ವಲ್ಪ ಎತ್ತರ ಕಾಣುತ್ತೀರಿ ಅಷ್ಟೆ.

ಇನ್ನು ಹಲ್ಲುಜ್ಜುವ ಎರಡು ನಿಮಿಷ. ಸೊಂಟವನ್ನು ಬಲಕ್ಕೆ ನಿಧಾನವಾಗಿ ಜಾರಿಸಿ, ನಡುವಿಗೆ ತನ್ನಿ, ಎಡಕ್ಕೆ ಜಾರಿಸಿ. ಭುಜ ಕನ್ನಡಿಯಲ್ಲಿ ಇದ್ದಲ್ಲೇ ಇರಬೇಕು. ಬ್ರಷ್ ಹಿಡಿದ ಕೈ ಒಂದು ವೇಗದಲ್ಲಿ ಓಡುತ್ತಿರುತ್ತೆ, ಸೊಂಟ ಅದರ ಕಾಲು ಭಾಗದ ವೇಗದಲ್ಲಿ ಹೋಗಬೇಕು. ಮೊದಲ ನಾಲ್ಕು ದಿನ ಎರಡೂ ಒಂದೇ ವೇಗಕ್ಕೆ ಬಂದುಬಿಡುತ್ತವೆ, ಇಲ್ಲ ಅಂದರೆ ಕೈ ನಿಂತುಹೋಗುತ್ತೆ. ಐದನೇ ದಿನವೋ ಆರನೇ ದಿನವೋ ಇದ್ದಕ್ಕಿದ್ದ ಹಾಗೆ ಎರಡೂ ಬೇರೆ ಬೇರೆ ಆಗುತ್ತವೆ. ಮೈಯ ಒಂದು ಭಾಗ ಅಲುಗುವಾಗ ಉಳಿದದ್ದನ್ನು ಸುಮ್ಮನಿರಿಸುವುದನ್ನು ಕ್ಲಾಸಿನಲ್ಲಿ ಐಸೋಲೇಷನ್ ಅಂತಾರಲ್ಲ, ಅದನ್ನು ನೀವು ಬಚ್ಚಲಮನೆಯಲ್ಲೇ ಕಲಿತಿರುತ್ತೀರಿ.

ದೋಸೆ ಹುಯ್ಯುವಾಗ ಸೊಂಟದ ಸುತ್ತು. ಹಿಟ್ಟನ್ನು ಹೆಂಚಿನ ನಡುವಿಗೆ ಸುರಿದು ಸೌಟಿನಿಂದ ಸುತ್ತುತ್ತಾ ಹೊರಗೆ ಬರುತ್ತೀರಲ್ಲ, ಅದೇ ದಾರಿಯಲ್ಲಿ ಸೊಂಟವೂ ಸುತ್ತಲಿ. ಮುಂದೆ, ಬಲಕ್ಕೆ, ಹಿಂದೆ, ಎಡಕ್ಕೆ. ಮೊದಲು ರೂಪಾಯಿ ನಾಣ್ಯದಷ್ಟು ಚಿಕ್ಕ ಸುತ್ತು, ಆಮೇಲೆ ತಟ್ಟೆಯಷ್ಟು. ಮಗುಚಿ ಹಾಕಿದ ಮೇಲೆ ಉಲ್ಟಾ ಸುತ್ತು. ಬಹಳ ಜನಕ್ಕೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಸುತ್ತುವಾಗ ಒಂದು ಮೂಲೆಯಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತೆ. ಸಿಕ್ಕಿಕೊಳ್ಳುವ ಜಾಗ ಬಂದಾಗ ಇನ್ನೂ ನಿಧಾನ ಮಾಡಿ, ಅವಸರದಲ್ಲಿ ಹಾರಿಸಿಕೊಂಡು ಹೋಗಬೇಡಿ. ಒಗ್ಗರಣೆ ಹಾಕುವಾಗ, ಬಿಸಿ ಎಣ್ಣೆ ಎತ್ತುವಾಗ ಮಾತ್ರ ದಯವಿಟ್ಟು ನೆಟ್ಟಗೆ ನಿಲ್ಲಿ.

ವಾರಕ್ಕೆ ಒಂದೇ ಚಲನೆ ಇಟ್ಟುಕೊಳ್ಳಿ. ಭಾನುವಾರ ಏನು ಹೇಳಿಕೊಟ್ಟರೋ ಅದರಲ್ಲಿ ಒಂದನ್ನು ಆರಿಸಿ, ಅದನ್ನು ಒಂದೇ ಕೆಲಸಕ್ಕೆ ಗಂಟು ಹಾಕಿ. ಈ ವಾರ ದೋಸೆಗೆ ಸೊಂಟದ ಸುತ್ತು ಅಂದರೆ ಅದಷ್ಟೇ. ನಾಲ್ಕು ದಿನ ಕಳೆದರೆ ಸೌಟು ಹಿಡಿದ ತಕ್ಷಣ ಸೊಂಟ ತಾನಾಗಿ ನೆನಪು ಮಾಡಿಕೊಳ್ಳುತ್ತೆ.

ಪ್ರಶ್ನೆ: ನನಗೆ ಶಿಮ್ಮಿ, ಅಂದರೆ ಸೊಂಟ ಬೇಗ ಬೇಗ ನಡುಗುವ ಆ ಚಲನೆ, ಬರುವುದೇ ಇಲ್ಲ. ಇಪ್ಪತ್ತು ಸೆಕೆಂಡ್ ಮಾಡುವುದರೊಳಗೆ ತೊಡೆ ಉರಿಯುತ್ತೆ, ಉಸಿರು ಕಟ್ಟುತ್ತೆ. ಸೊಂಟ ಅಲುಗುವುದಕ್ಕಿಂತ ಜಾಸ್ತಿ ಭುಜ, ಕೆನ್ನೆ ಎಲ್ಲ ಅಲುಗುತ್ತೆ. ವಿಡಿಯೋ ನೋಡಿಕೊಂಡು ಎಂಟು ತಿಂಗಳಿಂದ ಪ್ರಯತ್ನ ಪಡುತ್ತಿದ್ದೇನೆ.
(ಬಿ.ಕಾಂ. ವಿದ್ಯಾರ್ಥಿನಿ, ತುಮಕೂರು)

ಉತ್ತರ: ನೀವು ವೇಗದಿಂದ ಶುರು ಮಾಡುತ್ತಿದ್ದೀರಿ ಪುಟ್ಟಿ, ಅದೇ ತೊಂದರೆ. ವಿಡಿಯೋದಲ್ಲಿ ಕಾಣುವುದು ವೇಗ. ಅದರ ಕೆಳಗೆ ಏನು ನಡೆಯುತ್ತಿದೆ ಅನ್ನುವುದು ಕಾಣುವುದಿಲ್ಲ. ಸಾಮಾನ್ಯ ಶಿಮ್ಮಿಯಲ್ಲಿ ಸೊಂಟವನ್ನು ಯಾರೂ ಅಲುಗಿಸುವುದಿಲ್ಲ, ಅಲುಗಿಸುವುದು ಮಂಡಿ. ಬಲ ಮಂಡಿ ಸ್ವಲ್ಪ ನೇರ ಆದಾಗ ಬಲ ಸೊಂಟ ಮೇಲೇಳುತ್ತೆ, ಅದೇ ಹೊತ್ತಿಗೆ ಎಡ ಮಂಡಿ ಬಾಗುತ್ತೆ, ಎಡ ಸೊಂಟ ಇಳಿಯುತ್ತೆ. ಆಮೇಲೆ ಇದರ ಉಲ್ಟಾ. ಹೊಟ್ಟೆ, ನಿತಂಬ ಬಿಗಿ ಹಿಡಿದರೆ ಮಂಡಿಯ ಕೆಲಸ ಸೊಂಟಕ್ಕೆ ತಲುಪದೆ ದಾರಿಯಲ್ಲೇ ನಿಂತುಹೋಗುತ್ತೆ, ಆಗ ಮೈ ಅದನ್ನು ಭುಜದಿಂದ ಮಾಡಲು ನೋಡುತ್ತೆ. ನಿಮ್ಮ ಕೆನ್ನೆ ಅಲುಗುತ್ತಿರುವುದು ಅದಕ್ಕೇ.

ಒಂದು ವಾರ ಶಿಮ್ಮಿ ಅನ್ನುವ ಮಾತನ್ನೇ ಮರೆತುಬಿಡಿ. ಪಾತ್ರೆ ತೊಳೆಯುವಾಗ ಸಿಂಕ್ ಮುಂದೆ ನಿಂತು ಬಲ ಮಂಡಿ, ಎಡ ಮಂಡಿ, ಬಲ, ಎಡ. ಒಂದು ಸೆಕೆಂಡಿಗೆ ಒಂದು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿದ್ದರೆ ಅದಕ್ಕೇ ಸೇರಿಸಿ ಮಾಡಿ. ಪಾದ ಪೂರ್ತಿ ನೆಲದ ಮೇಲೆ ಇರಬೇಕು, ಹಿಮ್ಮಡಿ ಏಳಬಾರದು. ಎರಡನೇ ವಾರ ಒಂದು ಟಿಕ್ಕಿಗೆ ಎರಡು. ಅದು ಸಮ ಆಗುವವರೆಗೆ ನಾಲ್ಕಕ್ಕೆ ಹೋಗಲೇಬೇಡಿ. ನಾಲ್ಕಕ್ಕೆ ಹೋದ ದಿನ ಒಂದು ವಿಚಿತ್ರ ಆಗುತ್ತೆ. ಅಲ್ಲಿಯವರೆಗೆ ನೀವು ಮಾಡುತ್ತಿದ್ದಿರಿ, ಅಲ್ಲಿಂದ ಮುಂದೆ ಅದೇ ನಡೆದುಕೊಂಡು ಹೋಗುತ್ತೆ, ನೀವು ಅದನ್ನು ನಿಲ್ಲಿಸದೆ ಇದ್ದರೆ ಸಾಕು. ಉಯ್ಯಾಲೆಯನ್ನು ಮೊದಲು ಜೋರಾಗಿ ತಳ್ಳಬೇಕು, ಆಮೇಲೆ ಬೆರಳು ತಾಗಿಸಿದರೆ ಸಾಕಾಗುತ್ತಲ್ಲ, ಹಾಗೆ.

ಭುಜಕ್ಕೆ ಒಂದು ಉಪಾಯ ಹೇಳುತ್ತೇನೆ, ನನ್ನ ಕ್ಲಾಸಿನಲ್ಲಿ ಎಲ್ಲರಿಗೂ ಇದನ್ನೇ ಮಾಡಿಸುವುದು. ಸ್ಟೀಲ್ ಲೋಟಕ್ಕೆ ಅಂಚಿನಿಂದ ಒಂದು ಬೆರಳು ಕೆಳಗಿನವರೆಗೆ ನೀರು ತುಂಬಿ, ಅಂಗೈ ಮೇಲೆ ಇಟ್ಟುಕೊಂಡು, ಕೈಯನ್ನು ಎದೆಯ ಮುಂದೆ ಚಾಚಿ ಮಂಡಿ ಅಲುಗಿಸಲು ಶುರು ಮಾಡಿ. ನೀರಿನ ಮೇಲ್ಮೈ ನೋಡಿ. ಅದು ಲೋಟದ ಅಂಚಿಗೆ ಹೊಡೆಯುತ್ತಿದ್ದರೆ ಭುಜ ಅಲುಗುತ್ತಿದೆ ಅಂತ. ನಡುವಿನಲ್ಲಿ ಸಣ್ಣ ಸಣ್ಣ ಉಂಗುರ ಮಾತ್ರ ಎದ್ದರೆ ಸರಿಯಾಗಿದೆ. ಆ ಉಂಗುರವನ್ನೇ ನೋಡುತ್ತಾ ಹತ್ತರವರೆಗೆ ಜೋರಾಗಿ ಎಣಿಸಿ. ಎಣಿಸಿದರೆ ಉಸಿರು ಕಟ್ಟುವುದಕ್ಕೆ ಆಗುವುದೇ ಇಲ್ಲ!

ಇನ್ನೊಂದು, ಸೊಂಟಕ್ಕೆ ಹಳೇ ದುಪಟ್ಟಾ ಕಟ್ಟಿ ಅದಕ್ಕೆ ನಾಲ್ಕಾರು ಸಣ್ಣ ಗೆಜ್ಜೆ ಹೊಲಿದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಕಾಯಿನ್ ಬೆಲ್ಟೇ ಬೇಕಂತಿಲ್ಲ. ಸದ್ದು ಒಂದೇ ಸಮ ಬಂದರೆ ಎರಡೂ ಕಡೆ ಸಮ ಇದೆ. ಜಲ್-ಜ, ಜಲ್-ಜ ಅಂತ ಕುಂಟುತ್ತಾ ಬಂದರೆ ಒಂದು ಕಾಲು ಸೋಮಾರಿಯಾಗಿದೆ ಅಂತ ಅರ್ಥ. ಕನ್ನಡಿಗಿಂತ ಕಿವಿಗೆ ಇದು ಬೇಗ ಗೊತ್ತಾಗುತ್ತೆ.

ಪ್ರಶ್ನೆ: ಹನ್ನೊಂದು ವರ್ಷ ಭರತನಾಟ್ಯ ಕಲಿತಿದ್ದೇನೆ, ಸೀನಿಯರ್ ಪರೀಕ್ಷೆ ಆಗಿದೆ. ಬೆಲ್ಲಿ ಡ್ಯಾನ್ಸ್ ನನಗೆ ಬೇಗ ಬರುತ್ತೆ ಅಂದುಕೊಂಡಿದ್ದೆ. ಈಗ ನೋಡಿದರೆ ಡ್ಯಾನ್ಸೇ ಕಲಿಯದವರು ನನಗಿಂತ ಚೆನ್ನಾಗಿ ಮಾಡುತ್ತಿದ್ದಾರೆ. ಏಕೆ ಹೀಗೆ?
(ಮೈಸೂರು)

ಉತ್ತರ: ನಿಮ್ಮ ಪತ್ರ ಓದಿ ನನ್ನದೇ ಮೊದಲ ವರ್ಷ ನೆನಪಾಯಿತು. ನಾನೂ ಭರತನಾಟ್ಯದಿಂದ ಬಂದವಳು. ಅರಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ತಟ್ಟಡವು ಅನ್ನುವ ಹೆಜ್ಜೆ ಹಾಕುವಾಗ ಕಾಲು ಎಷ್ಟೇ ಜೋರಾಗಿ ತಟ್ಟಲಿ, ಸೊಂಟ ಅಲುಗಬಾರದು, ನಡು ಕಂಬದ ಹಾಗೆ ಇರಬೇಕು. ಹನ್ನೊಂದು ವರ್ಷ ನಿಮ್ಮ ಸೊಂಟಕ್ಕೆ ಕಲಿಸಿದ್ದು ಅಲುಗದೆ ಇರುವುದನ್ನು. ಈಗ ಬಂದು ಅಲುಗು ಅಂದರೆ ಅದು ಹೇಗೆ ತಕ್ಷಣ ಕೇಳುತ್ತೆ ಹೇಳಿ? ಕಲಿಯದವರಿಗೆ ಬಿಡಿಸಬೇಕಾದ ಗಂಟು ಇಲ್ಲ. ನಿಮಗೆ ಗಂಟು ಇದೆ, ಅದು ಒಳ್ಳೆಯ ಗಂಟು. ಅದನ್ನು ಬಿಚ್ಚುವುದು ಬೇಡ. ಪಕ್ಕದಲ್ಲಿ ಇನ್ನೊಂದನ್ನು ಕಲಿಯಿರಿ.

ಎರಡು ಕಡೆ ಗಮನ ಕೊಡಿ. ಅರಮಂಡಿಯಲ್ಲಿ ಮಂಡಿ ಪಕ್ಕಕ್ಕೆ ತೆರೆದಿರುತ್ತೆ, ಇಲ್ಲಿ ನೇರ ಮುಂದಕ್ಕೆ ಇರಬೇಕು. ನೀವು ಗೊತ್ತಿಲ್ಲದೆ ಪಾದವನ್ನು ಹೊರಕ್ಕೆ ತಿರುಗಿಸಿ ನಿಲ್ಲುತ್ತಿರುತ್ತೀರಿ. ಬಸ್ಸಿಗೆ ಕಾಯುವಾಗ ಒಮ್ಮೆ ಕೆಳಗೆ ನೋಡಿಕೊಳ್ಳಿ, ನಿಂತಲ್ಲೆಲ್ಲ ಸರಿಮಾಡಿಕೊಳ್ಳಿ. ಇನ್ನೊಂದು, ಭರತನಾಟ್ಯದಲ್ಲಿ ಪ್ರತಿ ಅಡವಿಗೂ ಒಂದು ಖಚಿತ ಕೊನೆ ಇರುತ್ತೆ, ಕೈ ಅಲ್ಲಿಗೆ ಹೋಗಿ ಟಪ್ ಅಂತ ನಿಲ್ಲುತ್ತೆ. ಇಲ್ಲಿ ಸೊಂಟದಲ್ಲಿ 8ರ ಆಕಾರ ಬರೆಯುವಾಗ ಕೊನೆ ಅನ್ನುವುದೇ ಇಲ್ಲ. ರಂಗೋಲಿಯಲ್ಲಿ ಎರಡು ಚುಕ್ಕಿ ಇಟ್ಟು ಅವುಗಳ ಸುತ್ತ ಎಳೆ ಬಳಸುತ್ತೀರಲ್ಲ, ಒಂದು ಚುಕ್ಕಿ ಸುತ್ತಿ, ನಡುವೆ ದಾಟಿ, ಇನ್ನೊಂದನ್ನು ಸುತ್ತಿ, ಮತ್ತೆ ನಡುವೆ ದಾಟಿ? ಅದೇ. ಪುಡಿ ಎಲ್ಲೂ ಕಡಿಯಬಾರದು, ಎಲ್ಲೂ ಗುಡ್ಡೆ ಬೀಳಬಾರದು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕುವ ಅಭ್ಯಾಸ ಇದ್ದರೆ, ಹಾಕಿ ಮುಗಿಸಿ ಎದ್ದು ನಿಂತು ಅದೇ ಎಳೆಯನ್ನು ಸೊಂಟದಲ್ಲಿ ನಾಲ್ಕು ಸಲ ಎಳೆದು ಒಳಗೆ ಹೋಗಿ.

ನಿಮಗೆ ಇರುವ ದೊಡ್ಡ ಬಲ ಲಯ. ಈಜಿಪ್ಟಿನ ತಾಳವಾದ್ಯವನ್ನು ಅಲ್ಲಿ ತಬ್ಲಾ ಅಂತಲೇ ಕರೆಯುತ್ತಾರೆ. ನಮ್ಮ ತಬಲಾ ಅಲ್ಲ ಅದು, ಹೂಜಿಯ ಆಕಾರದ್ದು, ದರ್ಬುಕ ಅಂತಲೂ ಹೆಸರಿದೆ. ಚರ್ಮದ ನಡುವೆ ಹೊಡೆದರೆ ದುಮ್, ಅಂಚಿಗೆ ಹೊಡೆದರೆ ತಕ್. ಅವರೂ ನಮ್ಮ ಹಾಗೆ ಬಾಯಲ್ಲಿ ಹೇಳಿಯೇ ಕಲಿಯುತ್ತಾರೆ. ತುಂಬ ಕೇಳಿಬರುವ ಮಕ್ಸೂಮ್ ತಾಳ ಎಂಟು ಎಣಿಕೆಯದು (ಗೆರೆ ಇರುವಲ್ಲಿ ಪೆಟ್ಟಿಲ್ಲ): ದುಮ್ ತಕ್ – ತಕ್ ದುಮ್ – ತಕ್ –. ಎರಡನೆಯ ಪೆಟ್ಟನ್ನೂ ದುಮ್ ಮಾಡಿದರೆ ಬಲದಿ: ದುಮ್ ದುಮ್ – ತಕ್ ದುಮ್ – ತಕ್ –. ಮಲ್ಫೂಫ್ ಅಂತ ಒಂದಿದೆ, ನರ್ತಕಿ ವೇದಿಕೆಗೆ ಬರುವಾಗ ಹೆಚ್ಚಾಗಿ ಅದನ್ನು ನುಡಿಸುತ್ತಾರೆ: ದುಮ್ – – ತಕ್ – – ತಕ್ –. ಸ್ವಲ್ಪ ಬಾಯಲ್ಲಿ ಹೇಳಿ ನೋಡಿ. ಮೂರು, ಮೂರು, ಎರಡು. ನಮ್ಮ ತಕಿಟ ತಕಿಟ ತಕ! ನನಗೆ ಇದು ಹೊಳೆದ ದಿನ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಬಾರಿಸುತ್ತಾ ಅರ್ಧ ಗಂಟೆ ಕೂತಿದ್ದೆ. ನೀವೂ ಸಂಜೆ ವಾಕಿಂಗ್ ಹೋಗುವಾಗ ಮನಸ್ಸಿನಲ್ಲಿ ತಕಿಟ ತಕಿಟ ತಕ ಹೇಳಿಕೊಂಡು ನಡೆಯಿರಿ. ಎಂಟು ಎಣಿಕೆಗೆ ನಾಲ್ಕು ಹೆಜ್ಜೆ. ಹೆಜ್ಜೆ ಸಮ ಇರುತ್ತೆ, ಪೆಟ್ಟು ಅದರ ಮೇಲೆ ಓರೆಯಾಗಿ ಬೀಳುತ್ತೆ. ಆ ಓರೆಯಲ್ಲೇ ಸೊಂಟ ತಾನಾಗಿ ಸಡಿಲ ಆಗುತ್ತೆ. ಬರೀ ಎಕ್ಸರ್‌ಸೈಜ್ ಮಾಡಿದರೆ ನಿಮ್ಮ ಸೊಂಟ ಮಾತು ಕೇಳುವುದಿಲ್ಲ, ತಾಳ ಹೇಳಿದರೆ ಕೇಳುತ್ತೆ. ಭರತನಾಟ್ಯದವರ ಮೈ ಇರುವುದೇ ಹಾಗೆ.

ಪ್ರಶ್ನೆ: ಅತ್ತೆ ಮಾವನ ಜೊತೆ ಇದ್ದೇವೆ. ರೂಮಿನ ಬಾಗಿಲು ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತಿದ್ದೆ. ಒಂದು ದಿನ ಅತ್ತೆ ನೋಡಿದರು. "ಮರ್ಯಾದಸ್ಥರ ಮನೆಯಲ್ಲಿ ಇದೆಲ್ಲ ಏನಮ್ಮ" ಅಂದರು. ಬೈಯಲಿಲ್ಲ, ಆದರೆ ನನಗೆ ಅವತ್ತಿನಿಂದ ಮನಸ್ಸೇ ಆಗುತ್ತಿಲ್ಲ. ಇದು ನಿಜವಾಗಿಯೂ ಕ್ಯಾಬರೆ ಡ್ಯಾನ್ಸೇನಾ?
(ಗೃಹಿಣಿ, ಹಾಸನ)

ಉತ್ತರ: ನಿಮ್ಮ ಅತ್ತೆ ನೋಡಿರುವುದು ಹಳೇ ಸಿನಿಮಾಗಳ ಕ್ಲಬ್ಬಿನ ದೃಶ್ಯ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಅವರಿಗೆ ಬೇರೆ ಏನನ್ನೂ ಯಾರೂ ತೋರಿಸಿಲ್ಲ.

ಈಜಿಪ್ಟಿನಲ್ಲಿ ಈ ಕುಣಿತಕ್ಕೆ ಎರಡು ಮನೆ ಇವೆ. ಒಂದು ವೇದಿಕೆ. 1926ರಲ್ಲಿ ಬದಿಯಾ ಮಸಾಬ್ನಿ ಅನ್ನುವ ಹೆಂಗಸು ಕೈರೋದಲ್ಲಿ ಒಂದು ಮನರಂಜನಾ ಮಂದಿರ ತೆರೆದರು. ಬಟ್ಟೆ, ಕೈಗಳ ಬಳಕೆ, ವೇದಿಕೆ ತುಂಬ ಓಡಾಡುವುದು, ದೊಡ್ಡ ವಾದ್ಯಮೇಳ, ಇವೆಲ್ಲ ಅಂಥ ಜಾಗಗಳಲ್ಲಿ ಬೆಳೆದವು. ತಹಿಯಾ ಕರಿಯೋಕಾ, ಸಾಮಿಯಾ ಗಮಾಲ್ ಇಬ್ಬರೂ ಬದಿಯಾ ಅವರ ಕೈಕೆಳಗೆ ಬೆಳೆದವರು, ಆಮೇಲೆ ಈಜಿಪ್ಟಿನ ಸಿನಿಮಾದಲ್ಲಿ ದೊಡ್ಡ ಹೆಸರಾದರು. ಅಲ್ಲಿ ಇದನ್ನು ರಕ್ಸ್ ಶರ್ಕಿ, ಅಂದರೆ ಪೂರ್ವದ ನೃತ್ಯ, ಅಂತ ಕರೆಯುತ್ತಾರೆ. ಬೆಲ್ಲಿ ಡ್ಯಾನ್ಸ್ ಅನ್ನುವ ಹೆಸರು ಹೊರಗಿನವರು ಇಟ್ಟದ್ದು. 1893ರ ಶಿಕಾಗೋ ಜಾಗತಿಕ ಮೇಳದಲ್ಲಿ ಇದನ್ನು ತೋರಿಸಿದ ಮೇಲೆ ಅಮೆರಿಕದಲ್ಲಿ ಆ ಹೆಸರೇ ಊರೆಲ್ಲ ಹಬ್ಬಿತು. ಹೊಟ್ಟೆ ಅನ್ನುವ ಪದ ಹೆಸರಿನಲ್ಲೇ ಬಂದು ಕೂತ ಮೇಲೆ ನೋಡುವವರ ಕಣ್ಣೂ ಅಲ್ಲೇ ಕೂತಿತು.

ಇನ್ನೊಂದು ಮನೆ ಅಂದರೆ ನಿಜವಾಗಿಯೂ ಮನೆಯೇ. ಮದುವೆಯಲ್ಲಿ, ಮಗು ಹುಟ್ಟಿದಾಗ, ಹೆಂಗಸರೇ ಸೇರಿದಾಗ ಅಜ್ಜಿಯಿಂದ ಹಿಡಿದು ಐದು ವರ್ಷದ ಮಗುವಿನವರೆಗೆ ಎಲ್ಲರೂ ಎದ್ದು ಕುಣಿಯುತ್ತಾರೆ. ಮಿಣಮಿಣ ಬಟ್ಟೆ ಇಲ್ಲ. ಮೈತುಂಬ ಉದ್ದ ನಿಲುವಂಗಿ, ಸೊಂಟಕ್ಕೆ ಒಂದು ಸ್ಕಾರ್ಫ್ ಗಂಟು. ಒಬ್ಬಳು ಕುಣಿಯುತ್ತಾಳೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಾಲಿಗೆ ಹೊರಳಿಸಿ ಎತ್ತರದ ದನಿಯಲ್ಲಿ ಉಲಿಯುತ್ತಾರೆ, ಅದಕ್ಕೆ ಝಗರೂತ ಅಂತ ಹೆಸರು. ಈ ಮನೆಯ ಕುಣಿತಕ್ಕೂ ಬಲದಿ ಅಂತಲೇ ಹೆಸರು, ಆ ಪದದ ಅರ್ಥವೇ ನಮ್ಮೂರಿನದು, ನಮ್ಮ ನಾಡಿನದು ಅಂತ. ಹಾಗೆ ನೋಡಿದರೆ ನೈಟಿ ಮೇಲೆ ದುಪಟ್ಟಾ ಬಿಗಿದು, ರೂಮಿನ ಬಾಗಿಲು ಹಾಕಿಕೊಂಡು ಕುಣಿಯುವ ನೀವು ಹೋಟೆಲ್ ವೇದಿಕೆಯ ನರ್ತಕಿಗಿಂತ ಆ ಹಳೇ ಮನೆಗೆ ಹತ್ತಿರ ಇದ್ದೀರಿ.

ತಹಿಯಾ ಬಗ್ಗೆ ಇನ್ನೊಂದು ಮಾತು. ಪ್ಯಾಲೆಸ್ತೀನ್ ಮೂಲದ ದೊಡ್ಡ ವಿದ್ವಾಂಸ ಎಡ್ವರ್ಡ್ ಸಯೀದ್ ಹುಡುಗನಾಗಿದ್ದಾಗ ಕೈರೋದಲ್ಲಿ ಆಕೆಯ ನೃತ್ಯ ನೋಡಿದ್ದರು. ಅದನ್ನು ಮರೆಯಲಾಗದೆ 1990ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಎಷ್ಟು ಅಲುಗುತ್ತಾಳೆ ಅನ್ನುವುದರಲ್ಲಿ ಅಲ್ಲ, ಎಷ್ಟು ಕಡಿಮೆ ಅಲುಗುತ್ತಾಳೆ ಅನ್ನುವುದರಲ್ಲಿ ಈ ಕಲೆ ಇದೆ ಅನ್ನುವುದು ಅವರ ಮಾತಿನ ತಾತ್ಪರ್ಯ. ನಾನು ಕಲಿತ ಮೊದಲ ಕ್ಲಾಸಿನಲ್ಲಿ ಇದಕ್ಕೆ ತದ್ವಿರುದ್ಧ. ದೊಡ್ಡದಾಗಿ, ಇನ್ನೂ ದೊಡ್ಡದಾಗಿ ಅಂತ ಕೂಗುತ್ತಿದ್ದರು. ಎರಡು ವರ್ಷ ಸೊಂಟ ಎಸೆದು ಎಸೆದು ಬೆನ್ನು ನೋಯಿಸಿಕೊಂಡಿದ್ದೆ. ಚಿಕ್ಕದಾಗಿ ಮಾಡಲು ಶುರು ಮಾಡಿದ ಮೇಲೆ ಡ್ಯಾನ್ಸ್ ಡ್ಯಾನ್ಸಾಯಿತು. ಅದಕ್ಕೇ ಹೇಳುತ್ತಿರುವುದು, ಅಕ್ಕಪಕ್ಕ ಜನ ಇರುವ ಮನೆಯಲ್ಲಿ, ಯಾರಿಗೂ ಕಾಣದಷ್ಟು ಚಿಕ್ಕದಾಗಿ ಪ್ರಾಕ್ಟೀಸ್ ಮಾಡಬೇಕಾಗಿ ಬಂದದ್ದು ನಿಮಗೆ ನಷ್ಟ ಅಲ್ಲ.

ಅತ್ತೆಗೆ ಏನು ಹೇಳಬೇಕು ಅಂತ ನಾನು ಹೇಳುವುದು ಕಷ್ಟ. ನಿಮ್ಮ ಮನೆ ನಿಮಗೆ ಗೊತ್ತು. ಆದರೆ ಒಂದು ದಿನ ಅವರು ಆರಾಮಾಗಿ ಕೂತಿರುವಾಗ ಬೀಸುವ ಕಲ್ಲಿನ ವಿಷಯ ಎತ್ತಿ ನೋಡಿ. ರಾಗಿ ಬೀಸುವಾಗ ಕೈ ಮಾತ್ರ ತಿರುಗಿದರೆ ಭುಜ ಬಿದ್ದುಹೋಗುತ್ತೆ, ಸೊಂಟದಿಂದ ಮೇಲೆ ಇಡೀ ಮೈ ಸುತ್ತಬೇಕು. ನೀರಿನ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ನಡೆಯುವಾಗ ಆ ಕಡೆ ಸೊಂಟ ಎತ್ತಿ ಹಿಡಿದಿರಬೇಕು. ಅವರು ಇದನ್ನೆಲ್ಲ ಚಿಕ್ಕವರಿದ್ದಾಗ ಮಾಡಿದ್ದರೆ ಎದ್ದು ನಿಂತು ತೋರಿಸಿಯೇ ತೋರಿಸುತ್ತಾರೆ. ಆಗ ನೀವು ನೋಡಿ ಕಲಿಯಿರಿ.

ಪ್ರಶ್ನೆ: ವಯಸ್ಸು 47. ಕಂಪ್ಯೂಟರ್ ಮುಂದೆ ಕೂತು ಕೂತು ಬೆನ್ನಿನ ಕೆಳಗೆ ಹಿಡಿದುಕೊಂಡಿರುತ್ತೆ. ಈ ಡ್ಯಾನ್ಸ್ ಮಾಡಿದರೆ ಒಳ್ಳೆಯದಾ, ಕೆಟ್ಟದ್ದಾ?
(ಶಿವಮೊಗ್ಗ)

ಉತ್ತರ: ನೋವು ಕಾಲಿನವರೆಗೆ ಇಳಿಯುತ್ತಿದ್ದರೆ, ಜುಮ್ ಅನ್ನುತ್ತಿದ್ದರೆ, ಡಿಸ್ಕ್ ತೊಂದರೆ ಇದೆ ಅಂತ ಹಿಂದೆ ಯಾರಾದರೂ ಹೇಳಿದ್ದರೆ, ಮೊದಲು ಡಾಕ್ಟರನ್ನು ಕೇಳಿ. ಹೆರಿಗೆಯಾಗಿ ಸ್ವಲ್ಪ ತಿಂಗಳಾಗಿರುವವರಿಗೂ ಇದೇ ಮಾತು.

ಬರೀ ಕೂತು ಹಿಡಿದುಕೊಂಡ ಬೆನ್ನಾದರೆ ಕುರ್ಚಿಯಲ್ಲೇ ಶುರು ಮಾಡಿ. ಮುಂದಕ್ಕೆ ಸರಿದು ಕೂತು, ಎರಡೂ ಪಾದ ನೆಲಕ್ಕೆ ಊರಿ, ಕೂರುವ ಎರಡು ಮೂಳೆಗಳ ಮೇಲೆ ತೂಕವನ್ನು ಬಲಕ್ಕೆ, ಹಿಂದಕ್ಕೆ, ಎಡಕ್ಕೆ, ಮುಂದಕ್ಕೆ ಹರಿಸಿ. ಮುದ್ದೆ ಹೊರಳಿಸುವ ಹಾಗೆ, ಮೃದುವಾಗಿ. ಗಂಟೆಗೊಮ್ಮೆ ಆ ಕಡೆ ಐದು ಸುತ್ತು, ಈ ಕಡೆ ಐದು. ಎದೆಗೂಡಿಗೂ ಕುರ್ಚಿ ಒಳ್ಳೆಯ ಜಾಗ, ಏಕೆಂದರೆ ಸೊಂಟ ಕೂತುಬಿಟ್ಟಿರುತ್ತೆ, ಎದೆಗೂಡಿನ ಕೆಲಸವನ್ನು ಅದು ಕದಿಯಲು ಆಗುವುದಿಲ್ಲ. ಪಕ್ಕೆಲುಬುಗಳನ್ನು ಬಲಕ್ಕೆ ಜಾರಿಸಿ, ನಡುವೆ, ಎಡಕ್ಕೆ. ಭುಜ ವಾಲಬಾರದು, ಟೇಬಲ್ಲಿನ ಅಂಚಿಗೆ ಸಮಾಂತರವಾಗಿ ಇರಬೇಕು. ನಿಂತು ಮಾಡುವಾಗ ಬೆನ್ನನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸುವುದು ಈಗ ಬೇಡವೇ ಬೇಡ. ನೋವು ಬಂದರೆ ನಿಲ್ಲಿಸಿ. ಈ ಡ್ಯಾನ್ಸಿನಲ್ಲಿ ನೋವು ಅಂದರೆ ತಪ್ಪು ಮಾಡುತ್ತಿದ್ದೀರಿ ಅಂತಲೇ ಅರ್ಥ. ಸ್ನಾಯು ದಣಿಯುವುದು ಬೇರೆ, ನೋಯುವುದು ಬೇರೆ.

ಪ್ರಶ್ನೆ: ನಾನು ಹುಡುಗ. ಕಲಿಯಬಹುದಾ? ಗೆಳೆಯರು ನಗುತ್ತಾರೆ.
(ಹುಬ್ಬಳ್ಳಿ)

ಉತ್ತರ: ಧಾರಾಳವಾಗಿ ಕಲಿಯಬಹುದು ತಮ್ಮಾ. 1959ರಲ್ಲಿ ಈಜಿಪ್ಟಿನ ಜನಪದ ಕುಣಿತಗಳನ್ನು ವೇದಿಕೆಗೆ ತಂದ ರೆಡಾ ತಂಡದ ಮುಂದಾಳು ಮಹಮೂದ್ ರೆಡಾ ಗಂಡಸು, ಒಳ್ಳೆಯ ನರ್ತಕ. ಇವತ್ತು ಜಗತ್ತೆಲ್ಲ ತಿರುಗಿ ಕಲಿಸುವ ಟಿಟೊ ಸೈಫ್ ಕೂಡ ಈಜಿಪ್ಟಿನ ಗಂಡಸೇ. ನಿಮಗೆ ಸಯೀದಿ ಶೈಲಿ ಹೇಳಿ ಮಾಡಿಸಿದ್ದು. ಅದು ದಕ್ಷಿಣ ಈಜಿಪ್ಟಿನದು, ಕೈಯಲ್ಲಿ ಕೋಲು ಹಿಡಿದು ಮಾಡುವುದು. ಅದರ ಬೇರು ತಹ್ತೀಬ್ ಅನ್ನುವ ಗಂಡಸರ ಕೋಲಿನ ಕಾಳಗದಲ್ಲಿದೆ, 2016ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮ ದೊಣ್ಣೆವರಸೆ ನೋಡಿದವರಿಗೆ ಅದು ಪರಕೀಯ ಅನ್ನಿಸುವುದೇ ಇಲ್ಲ. ತಾಳ: ದುಮ್ ತಕ್ – ದುಮ್ ದುಮ್ – ತಕ್ –. ನಡುವಿನ ಆ ಎರಡು ದುಮ್‌ಗೆ ಸೊಂಟ ಎರಡು ಸಲ ಇಳಿಯಬೇಕು. ಮೆಟ್ಟಿಲು ಇಳಿಯುವಾಗ ಅಭ್ಯಾಸ ಮಾಡಿ, ಕಟಕಟೆ ಹಿಡಿದುಕೊಂಡು. ಹೆಜ್ಜೆ ಕೆಳಗಿನ ಮೆಟ್ಟಿಲಿಗೆ ತಾಗಿದಾಗ ಆ ಕಡೆ ಸೊಂಟ ತಾನಾಗಿ ಒಂದು ಸಲ ಇಳಿಯುತ್ತೆ, ಅಲ್ಲೇ ನಿಂತು ಇನ್ನೊಂದು ಸಲ ಇಳಿಸಿ, ಆಮೇಲೆ ಮುಂದಿನ ಮೆಟ್ಟಿಲು.

ಪ್ರಶ್ನೆ: ದುಬೈನಲ್ಲಿ ಒಂದು ವರ್ಷದಿಂದ ಕಲಿಯುತ್ತಿದ್ದೇನೆ. ನೀವು ಹೇಳುವ ಹಾಗೆ ಕೆಲಸದ ನಡುನಡುವೆಯೇ ಮಾಡುತ್ತೇನೆ. ಆದರೆ ಮುಂದೆ ಹೋಗುತ್ತಿದ್ದೇನೋ ಇಲ್ಲವೋ ಗೊತ್ತೇ ಆಗುತ್ತಿಲ್ಲ. ಕೈಗಳಂತೂ ಕಟ್ಟಿಗೆ ತರ ಇವೆ.

ಉತ್ತರ: ಕೈಗಳ ವಿಷಯ ಮೊದಲು. ಕೈ ಶುರುವಾಗುವುದು ಬೆನ್ನಿನಲ್ಲಿ, ಭುಜದ ಹಿಂದಿನ ಚಪ್ಪಟೆ ಮೂಳೆಯ ಹತ್ತಿರ. ನೀವು ಮೊಣಕೈಯಿಂದ ಶುರು ಮಾಡುತ್ತಿರಬೇಕು. ಒಗೆದ ಬಟ್ಟೆ ಹರವುವಾಗ ಇದನ್ನು ಸರಿಮಾಡಿಕೊಳ್ಳಬಹುದು. ಒದ್ದೆ ಬಟ್ಟೆಯನ್ನು ತಂತಿಗೆ ಏರಿಸುವಾಗ ಮೊದಲು ಭುಜ ಏಳಲಿ, ಆಮೇಲೆ ಮೊಣಕೈ, ಆಮೇಲೆ ಮಣಿಕಟ್ಟು, ಕೊನೆಗೆ ಬೆರಳು. ಇಳಿಸುವಾಗಲೂ ಅದೇ ಕ್ರಮ. ಭುಜ ಮೊದಲು ಇಳಿಯಬೇಕು, ಬೆರಳು ಇನ್ನೂ ಮೇಲೇ ಉಳಿದಿರಬೇಕು. ಒಂದು ಬಕೆಟ್ ಬಟ್ಟೆ ಹರವಿದರೆ ಮೂವತ್ತು ಸಲ ಮಾಡಿದ ಹಾಗಾಯಿತು. ಡ್ರೈಯರ್ ಇದ್ದರೆ ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯುವಾಗ ಮಾಡಿ.

ಇನ್ನು ಮುಂದೆ ಹೋಗುತ್ತಿದ್ದೀರೋ ಇಲ್ಲವೋ ಅನ್ನುವುದು. ಪ್ರತಿ ತಿಂಗಳ ಒಂದನೇ ತಾರೀಕು ಫೋನನ್ನು ಅದೇ ಜಾಗದಲ್ಲಿ ಒರಗಿಸಿ, ಅದೇ ಸಂಗೀತಕ್ಕೆ ಒಂದೇ ನಿಮಿಷ ಕುಣಿದು ರೆಕಾರ್ಡ್ ಮಾಡಿ. ಅವತ್ತೇ ನೋಡಬೇಡಿ, ಅವತ್ತು ನೋಡಿದರೆ ತಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರು ಆದ ಮೇಲೆ ಮೂರನ್ನೂ ಒಟ್ಟಿಗೆ ಹಾಕಿ ನೋಡಿ. ಸೊಂಟವನ್ನು ನೋಡಬೇಡಿ, ನಿಮ್ಮ ಮುಖ ನೋಡಿ, ಭುಜ ನೋಡಿ. ಮೊದಲನೆಯದರಲ್ಲಿ ತುಟಿ ಕಚ್ಚಿಕೊಂಡಿರುತ್ತೀರಿ, ಭುಜ ಕಿವಿಯ ಹತ್ತಿರ ಇರುತ್ತೆ. ಮೂರನೆಯದರಲ್ಲಿ ಭುಜ ಇಳಿದಿದ್ದರೆ, ಬಾಯಿ ಸಡಿಲ ಇದ್ದರೆ, ಸೊಂಟ ತನ್ನ ಕೆಲಸವನ್ನು ತಾನೇ ಮಾಡುತ್ತಿದೆ ಅಂತ. ನನ್ನ ಕ್ಲಾಸಿಗೆ ಬರುವ ನರ್ಸ್ ಒಬ್ಬರು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬರುವವರು, ಹೀಗೆ ಮೂರು ವಿಡಿಯೋ ತಂದು ತೋರಿಸಿದರು. ಮೂರನೆಯದರ ಕೊನೆಯ ಹತ್ತು ಸೆಕೆಂಡಿನಲ್ಲಿ ಅವರು ಕ್ಯಾಮೆರಾ ಇದೆ ಅನ್ನುವುದನ್ನೇ ಮರೆತು, ಪಕ್ಕದಲ್ಲಿ ಬಂದು ನಿಂತ ಮಗಳ ಜೊತೆ ಏನೋ ಮಾತಾಡುತ್ತಿದ್ದಾರೆ. ಶಿಮ್ಮಿ ನಿಂತಿಲ್ಲ.